ಎಂಬತ್ತೊಂದನೆಯ ಪುಟ

ನಾನು ಒಂದು ಪುಸ್ತಕ. ಮೊದಲೇ ಹೇಳಿಬಿಡುತ್ತೇನೆ, ನನ್ನೊಳಗೆ ಎಂಬತ್ತನೆಯ ಪುಟ ಎರಡು ಸಲ ಬರುತ್ತದೆ. ಇದನ್ನು ಕೇಳಿ ಮೂಗು ಮುರಿಯುವವರು ಈಗಲೇ ಮುರಿದು ಮುಗಿಸಿರಿ, ಆಮೇಲೆ ಕಥೆಯ ನಡುವೆ ಬಾಯಿ ಹಾಕಬೇಡಿರಿ. ಇಂಥ ಮೂಗುಗಳನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ನನಗೇನೂ ಹೊಸದಲ್ಲ.

ಹುಟ್ಟಿದ್ದು ಗದಗ-ಬೆಟಗೇರಿಯ ಒಂದು ಛಾಪಖಾನೆಯಲ್ಲಿ. ಹೆಸರು 'ದ್ವೀಪಕ್ಕೆ ಹೊರಡುವ ಮುನ್ನ'. ಬರೆದವರು ಕಾರವಾರದ ಕಡೆಯ ನಿವೃತ್ತ ಹಡಗಿನ ಡಾಕ್ಟರೊಬ್ಬರು. ಅಂಡಮಾನಿಗೆ ಹೋಗುವ ಮಂದಿ ಓದಿಕೊಂಡು ಹೋಗಲಿ ಎಂದು ಬರೆದರಂತೆ. ಹಡಗಿನಲ್ಲಿ ಹೊಟ್ಟೆ ತೊಳಸಿದರೆ ಏನು ಮಾಡಬೇಕು, ಹವಳದ ಮೇಲೆ ಯಾಕೆ ಕಾಲಿಡಬಾರದು, ಎಳನೀರು ಯಾವ ಹೊತ್ತಿಗೆ ಒಳ್ಳೆಯದು, ಎಲ್ಲ ನನ್ನಲ್ಲಿದೆ. ನಳದಲ್ಲಿ ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಸಮುದ್ರದ ಪುಸ್ತಕ ಅಚ್ಚಾಯಿತು. ನಗುವುದಾದರೆ ಇದಕ್ಕೆ ನಗಿರಿ.

ಪುಸ್ತಕ ಹೇಗೆ ಹುಟ್ಟುತ್ತದೆ ಎಂದು ಬಹಳ ಮಂದಿಗೆ ಗೊತ್ತಿಲ್ಲ. ದೊಡ್ಡ ಹಾಳೆಯೊಂದರ ಮೇಲೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗುತ್ತವೆ. ಅದನ್ನು ಮಡಚಿದರೆ ಒಂದು ಫಾರ್ಮು. ನನಗೆ ಒಂಬತ್ತು ಫಾರ್ಮು. ಉದ್ದನೆಯ ಮೇಜಿನ ಸುತ್ತ ಒಂಬತ್ತು ರಾಶಿಗಳನ್ನು ಬೋರಲಾಗಿ ಇಟ್ಟಿರುತ್ತಾರೆ, ಮೇಲೆ ಕಾಣುವುದು ಆಯಾ ಫಾರ್ಮಿನ ಕೊನೆಯ ಪುಟ ಮಾತ್ರ. ಹೆಣ್ಣುಮಕ್ಕಳು ಮೇಜು ಸುತ್ತುತ್ತ ಪ್ರತಿ ರಾಶಿಯಿಂದ ಒಂದೊಂದು ಎತ್ತಿ ಜೋಡಿಸುತ್ತಾರೆ. ಸಾವಿರ ಪ್ರತಿಗೆ ಸಾವಿರ ಸುತ್ತು.

ಆ ದಿನ ಸುತ್ತುತ್ತಿದ್ದವರಲ್ಲಿ ಫಕ್ಕೀರವ್ವ ಒಬ್ಬಳು. ಹತ್ತೊಂಬತ್ತರ ಹುಡುಗಿ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು, ಓದುವ ಹಸಿವು ಹಾಗೇ ಉಳಿದುಬಿಟ್ಟಿತ್ತು. ಆದರೆ ಬೈಂಡಿಂಗ್ ವಿಭಾಗದ ಮುಕಾದಮ ಮುರಿಗೆಪ್ಪನದು ಒಂದೇ ಕಾನೂನು. ಕೆಲಸದವರು ಅಕ್ಷರ ನೋಡಬಾರದು. ಖುರ್ಚಿ ಹಾಕಿಕೊಂಡು ಆರನೆಯ ರಾಶಿಯ ಎದುರಿಗೇ ಕೂತಿರುತ್ತಿದ್ದ, ಯಾರ ಕಣ್ಣಾದರೂ ಕಾಗದದ ಮೇಲೆ ನಿಂತರೆ ಕೆಮ್ಮುತ್ತಿದ್ದ. ಅವನ ಕಣ್ಣು ತಪ್ಪುತ್ತಿದ್ದುದು ಐದನೆಯ ರಾಶಿಗೆ ಮಾತ್ರ, ಅದು ಕಂಬದ ಮರೆಯಲ್ಲಿತ್ತು. ಫಕ್ಕೀರವ್ವ ಅಲ್ಲಿಗೆ ಬಂದಾಗಲೆಲ್ಲ ಒಂದು ಸಾಲು ಓದುತ್ತಿದ್ದಳು. ಮುಂದಿನ ಸಾಲು ಮುಂದಿನ ಸುತ್ತಿಗೆ. ಹೀಗೆ ಬೆಳಗಿನಿಂದ ಮಧ್ಯಾಹ್ನದ ತನಕ ಎಂಬತ್ತನೆಯ ಪುಟವನ್ನು ಇಡಿಯಾಗಿ ಓದಿ ಕೊನೆಯ ಸಾಲಿಗೆ ಬಂದಳು.

'ಸಮುದ್ರಕ್ಕೆ ಇಳಿಯುವ ಮುನ್ನ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು' ಎಂದು ಆ ಸಾಲು. ಅಲ್ಲಿಗೆ ಪುಟ ಮುಗಿದಿತ್ತು. ನಂಬಿಕೆ ಬರದೆ ಇನ್ನೊಮ್ಮೆ ಓದಲು ಐದನೆಯ ಫಾರ್ಮನ್ನೇ ಮತ್ತೊಂದು ಎತ್ತಿದಳು. ಕಂಬದ ಮರೆಯಿಂದ ಅವಳು ಇನ್ನೂ ಹೊರಬಾರದ್ದು ಕಂಡು ಮುರಿಗೆಪ್ಪ ಕೆಮ್ಮಿದ. ಗಾಬರಿಯಲ್ಲಿ ಎರಡನ್ನೂ ಜೋಡಿಸಿಕೊಂಡು, ಆರನೆಯದನ್ನು ದಾಟಿ, ಏಳನೆಯ ರಾಶಿಗೆ ಕೈ ಹಾಕಿದಳು. ಹಾಗೆ ಜೋಡಿಯಾದದ್ದೇ ನಾನು. ಬೇರೆಯವರಿಗೆ ಇದು ತಪ್ಪಾಗಿ ಕಾಣಬಹುದು. ಸಾವಿರ ಪುಸ್ತಕಗಳಲ್ಲಿ ಹುಟ್ಟುವಾಗಲೇ ಓದಿಸಿಕೊಂಡದ್ದು ನಾನೊಬ್ಬನೇ ಎಂದು ನಾನು ಮಾತ್ರ ಇವತ್ತಿಗೂ ಎದೆ ಸೆಟೆಸಿ ಹೇಳುತ್ತೇನೆ.

ವಾರದ ಮೇಲೆ, ಎಲ್ಲ ಹೊಲಿದು ರಟ್ಟು ಹಾಕಿ ಮುಗಿಸಿದಾಗ, ಮೇಜಿನ ಮೇಲೆ ಆರನೆಯ ಫಾರ್ಮು ಒಂದು ಮಿಕ್ಕಿತ್ತು. ಮುರಿಗೆಪ್ಪ ಸಾವಿರ ಪುಸ್ತಕ ತಡವಿಸಿ ನನ್ನನ್ನು ಹಿಡಿದ. ಫಕ್ಕೀರವ್ವನನ್ನು ಎಲ್ಲರೆದುರು ನಿಲ್ಲಿಸಿ ಬೈದ. ಕೂಲಿ ಕೊಡೋದು ಕೈಗೆ, ಕಣ್ಣಿಗಲ್ಲ ಎಂದ. ನನ್ನನ್ನು ರದ್ದಿಗೆ ಒಗೆದ. ಮಿಕ್ಕ ಫಾರ್ಮನ್ನು ಮಾತ್ರ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದ. ಆಮೇಲೆ ಕೆಲಸಕ್ಕೆ ಬಂದ ಪ್ರತಿ ಹೊಸ ಹುಡುಗಿಗೂ ಅದನ್ನು ತೆಗೆದು ತೋರಿಸುತ್ತಿದ್ದ, ಓದಿದರೆ ಹೀಗಾಗುತ್ತದೆ ನೋಡು ಎಂದು. ಬಿಚ್ಚಿ ಒಳಗೇನಿದೆ ಎಂದು ಅವನೂ ನೋಡಲಿಲ್ಲ, ಅವರಿಗೂ ತೋರಿಸಲಿಲ್ಲ.

ಫಕ್ಕೀರವ್ವ ರದ್ದಿಯಿಂದ ನನ್ನನ್ನು ಎತ್ತಿ ಊಟದ ಗಂಟಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಳು. ಮರುದಿನವೇ ಆ ಫಾರ್ಮನ್ನು ಕೇಳಿದಳು, ಓದಿ ಕೊಡುತ್ತೇನೆ ಎಂದಳು. ಮುರಿಗೆಪ್ಪ ಕೊಡಲಿಲ್ಲ. ಉಳಿದ ಪ್ರತಿಗಳು ಊರು ಬಿಟ್ಟು ಹೋಗಿದ್ದವು. ವಾಚನಾಲಯದಲ್ಲಿ ಕೇಳಿದಳು, ಅಲ್ಲಿ ನನ್ನ ಹೆಸರನ್ನೇ ಯಾರೂ ಕೇಳಿರಲಿಲ್ಲ. ಆ ಸಾಲಿನ ಮುಂದೇನು ಎಂಬುದು ಅವಳಿಗೂ ನನಗೂ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಉಳಿಯಿತು.

ಮದುವೆಯಾಗಿ ಹೋಗುವಾಗ ಅವಳ ಟ್ರಂಕಿನಲ್ಲಿ ನಾನೂ ಹೋದೆ. ಅತ್ತೆ ತಿಪ್ಪವ್ವ ನನ್ನನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿದಳು. ಇರಲಿ, ಬೆಕ್ಕಿನಿಂದ ಹಾಲು ಕಾಯ್ದೆ. ಒಂದು ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ರದ್ದಿಯವನಿಗೆ ಕೊಟ್ಟೇಬಿಟ್ಟಳು. ಕೆಲಸದಿಂದ ಬಂದ ಫಕ್ಕೀರವ್ವ ಚಪ್ಪಲಿ ಬಿಡದೆ ರದ್ದಿ ಅಂಗಡಿಗೆ ಓಡಿದಳು. ತಕ್ಕಡಿಯ ಮೇಲಿದ್ದ ನನ್ನನ್ನು ಕೈಯಲ್ಲಿ ಹಿಡಿದು ಪುಟ ತಿರುವಿದ ಅಂಗಡಿಯವನು, ಇದರಲ್ಲಿ ಪುಟಗಳೇ ನೆಟ್ಟಗಿಲ್ಲ, ಇದಕ್ಕಾಗಿ ಇಷ್ಟು ದೂರ ಬಂದೆಯಾ ಎಂದು ನಕ್ಕ. ಅವಳು ಅವನ ಕೈಯಿಂದ ನನ್ನನ್ನು ಕಿತ್ತುಕೊಂಡಳು. ಆ ಸಂಜೆ ಅತ್ತೆ ಸೊಸೆಯರ ನಡುವೆ ಆದ ಮಾತುಗಳನ್ನು ಅಚ್ಚು ಹಾಕುವ ಹಾಗಿಲ್ಲ. ಅಂದಿನಿಂದ ನನ್ನ ತಂಟೆಗೆ ಯಾರೂ ಬರಲಿಲ್ಲ.

ಅವಳಿಗೆ ಸಮುದ್ರದ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ನೀರು ಬಂದ ದಿನ ಆ ಮನೆಯಲ್ಲಿ ಇದ್ದು ನೋಡಬೇಕಿತ್ತು. ಇಷ್ಟು ಕೊಡ ಕುಡಿಯಲು, ಇಷ್ಟು ಕೊಡ ಸ್ನಾನಕ್ಕೆ, ಉಳಿದದ್ದು ಬಟ್ಟೆಗೆ, ಬಟ್ಟೆ ತೊಳೆದ ನೀರು ಅಂಗಳಕ್ಕೆ. ತಲೆಗೆ ಎರಡು ತಂಬಿಗೆ ಹೆಚ್ಚು ಹಾಕಿಕೊಂಡ ಹೆಂಗಸಿಗೆ ಮನೆಮಂದಿ ಎಲ್ಲ ಮುಖ ಗಂಟಿಕ್ಕುತ್ತಿದ್ದರು. ಇವಳು ಕೊಡಗಳನ್ನು ತುಂಬಿಟ್ಟು, ಮುಚ್ಚಿ, ನನ್ನ ಮೂವತ್ತನೆಯ ಪುಟ ತೆಗೆಯುತ್ತಿದ್ದಳು. ಅಲ್ಲಿ ಹಡಗಿನ ಸುತ್ತ ನಾಲ್ಕೂ ಕಡೆ ನೀರೇ ನೀರು.

ವರುಷಗಳು ಹೋದವು. ಅತ್ತೆ ಹೋದಳು, ಮಕ್ಕಳ ಮದುವೆಯಾಯಿತು, ಮುರಿಗೆಪ್ಪ ಕೆಲಸ ಬಿಟ್ಟು ಮನೆ ಹಿಡಿದ. ಛಾಪಖಾನೆಯ ಹೆಣ್ಣುಮಕ್ಕಳು ಹನ್ನೊಂದು ಮಂದಿ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ವರ್ಷಕ್ಕೊಮ್ಮೆ ಪ್ರವಾಸ. ತುಳಜಾಪುರ ಆಗಿತ್ತು, ಪಂಢರಪುರ ಆಗಿತ್ತು, ಧರ್ಮಸ್ಥಳ ಎರಡು ಸಲ ಆಗಿತ್ತು. ಫಕ್ಕೀರವ್ವನಿಗೆ ಐವತ್ತೆರಡಾದ ವರ್ಷ ಸಭೆಯಲ್ಲಿ ಎದ್ದು ನಿಂತು, ಈ ಸಲ ಅಂಡಮಾನಿಗೆ ಎಂದಳು. ಎಲ್ಲರೂ ನಕ್ಕರು. ಸಂಘದ ಅಧ್ಯಕ್ಷೆ ನಿಂಗವ್ವ, ಹಿರಿಯಳು, ಮಾತು ಖಡಕ್ಕು. ಅವಳು ನಗಲಿಲ್ಲ.

"ಅಲ್ಲಿ ಯಾವ ದೇವರ ಗುಡಿ ಐತಿ?" ಎಂದು ಕೇಳಿದಳು.

"ಗುಡಿ ನೋಡಾಕ ಅಲ್ಲ ಯಕ್ಕಾ. ಹುಟ್ಟಿದಾಗಿಂದ ಕೊಡಾ ಎಣಿಸೇನಿ. ಎಣಿಸಾಕ ಬರಲಾರದಷ್ಟು ನೀರಾಗ ಒಮ್ಮೆ ನಿಂತು ಬರಬೇಕು ನಾನು. ನೀವು ಬರಲಿಲ್ಲಂದ್ರ ಒಬ್ಬಾಕೇ ಹೊಕ್ಕೇನಿ."

ಹೂಂ ಅನ್ನಿಸಲು ನಾಲ್ಕು ತಿಂಗಳು ಬೇಕಾಯಿತು. ಒಪ್ಪಿಸಿದ್ದು ನಾನು ಎಂದರೆ ಜಂಬ ಅನ್ನುತ್ತೀರಿ, ಅನ್ನಿರಿ. ಮುರಿಗೆಪ್ಪ ಕೂರುತ್ತಿದ್ದ ಖುರ್ಚಿಯ ಮೇಲೆಯೇ ಕೂತು ಫಕ್ಕೀರವ್ವ ದಿನಾ ಊಟದ ಹೊತ್ತಿಗೆ ನನ್ನನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸದೆ ಯಾರೂ ಹಡಗು ಹತ್ತುವ ಹಾಗಿಲ್ಲ ಎಂದು ಅವಳ ಹುಕುಂ. ರೊಟ್ಟಿ ಮುರಿಯುತ್ತ ಅವರು ಹವಳ ಕೇಳಿದರು, ಆಮೆ ಕೇಳಿದರು, ತೆಂಗಿನಕಾಯಿ ಒಡೆಯುವ ಏಡಿಯ ಸುದ್ದಿ ಕೇಳಿ ಹೌಹಾರಿದರು. ಎಂಬತ್ತನೆಯ ಪುಟ ಬಂತು. ಸಮುದ್ರಕ್ಕೆ ಇಳಿಯುವ ಮುನ್ನ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು ಎಂದು ಓದಿ ಅವಳು ಪುಟ ತಿರುವಿದರೆ ಮತ್ತೆ ಅರವತ್ತೈದು. ನಿಂಗವ್ವ ರೊಟ್ಟಿ ಕೆಳಗಿಟ್ಟಳು. ಹೋಗುವುದು ಹೋಗೋಣ, ಪುಸ್ತಕವೇ ಬಾಯಿ ಮುಚ್ಚಿಕೊಂಡಿದೆ, ನೀರಿಗೆ ಮಾತ್ರ ಯಾರೂ ಇಳಿಯಕೂಡದು ಎಂದು ಆಣೆ ಹಾಕಿದಳು. ಉಳಿದವರೂ ಗೋಣು ಹಾಕಿದರು. ನನಗಾದ ನಾಚಿಕೆ ನನಗೇ ಗೊತ್ತು. ಅವಳ ಆಸೆಗೆ ಅಡ್ಡ ಬಂದದ್ದು ನಾನೇ ಆಗಬೇಕೇ?

ಮದ್ರಾಸಿನಿಂದ ಹಡಗು. ಮೂರು ದಿನ ಹೊಟ್ಟೆ ತೊಳಸಿತು, ನನ್ನ ಇಪ್ಪತ್ತೆರಡನೆಯ ಪುಟ ಹೇಳಿದಂತೆ ನಿಂಬೆಹಣ್ಣು ಮೂಸಿ ಮೂಸಿ ಎಲ್ಲರೂ ದಡ ಮುಟ್ಟಿದರು. ಸಮುದ್ರದ ದಂಡೆಯಲ್ಲಿ ಹನ್ನೊಂದು ಮಂದಿ ಸಾಲಾಗಿ ನಿಂತರು, ನಿಂಗವ್ವನ ಬಗಲಲ್ಲಿ ಸಾಮಾನಿನ ಚೀಲ. ಯಾರೂ ಮುಂದೆ ಹೆಜ್ಜೆ ಇಡಲಿಲ್ಲ. ಅಷ್ಟು ನೀರು ನೋಡಿ ಕೆಲವರು ಕೈ ಮುಗಿದರು. ಫಕ್ಕೀರವ್ವ ಚೀಲದಿಂದ ನನ್ನನ್ನು ತೆಗೆದು ಎಂಬತ್ತನೆಯ ಪುಟವನ್ನು ಕೊನೆಯ ಸಲ ನೋಡಿದಳು. ಆಮೇಲೆ ನನ್ನನ್ನು ನಿಂಗವ್ವನ ಕೈಗೆ ಕೊಟ್ಟು, ಸೀರೆಯ ಕಚ್ಚೆ ಬಿಗಿದುಕೊಂಡು, ದಂಡೆಯ ಕಾವಲಿನವನು ಇಲ್ಲಿ ಇಳಿಯಬಹುದು ಎಂದು ಕೈ ಮಾಡಿ ತೋರಿಸಿದ ಕಡೆ ನಡೆದೇ ನಡೆದಳು.

ಮೊಣಕಾಲು, ತೊಡೆ, ನಡು. ಒಂದು ತೆರೆ ಬಂದು ಅವಳನ್ನು ಕೆಡವಿತು. ನಿಂಗವ್ವನ ಬೆರಳು ನನ್ನ ರಟ್ಟಿನೊಳಗೆ ಊರಿಕೊಂಡವು, ಆ ಗುರುತು ಈಗಲೂ ಇದೆ. ಫಕ್ಕೀರವ್ವ ಎದ್ದಳು, ಉಗುಳಿದಳು, ಮುಂದಿನ ತೆರೆಗೆ ಬೆನ್ನು ಕೊಟ್ಟು ನಿಂತಳು. ನಿಂತೇ ಇದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ದಡದಿಂದ ತಿಳಿಯಲಿಲ್ಲ. ನನಗಂತೂ ಅಕ್ಷರ ಅಕ್ಷರವೂ ಜುಮ್ಮೆಂದಿತು. ಹೊತ್ತಾದ ಮೇಲೆ ಹೊರಗೆ ಬಂದು ಒದ್ದೆ ಕೈಯಲ್ಲೇ ನಿಂಗವ್ವನ ಮೊಣಕೈ ಹಿಡಿದಳು. ಆಣೆ ಹಾಕಿದ ನಿಂಗವ್ವ ಚೀಲ, ನನ್ನನ್ನು, ಚಪ್ಪಲಿ, ಎಲ್ಲವನ್ನೂ ಉಸುಕಿನ ಮೇಲೆ ಹಾಕಿ ಅವಳ ಹಿಂದೆ ಹೋದಳು. ನೋಡುನೋಡುತ್ತಿದ್ದಂತೆ ಹನ್ನೊಂದು ಮಂದಿಯೂ ಕೈ ಕೈ ಹಿಡಿದು ನೀರಿನಲ್ಲಿದ್ದರು. ಸಾಮಾನು ಕಾಯಲು ಒಬ್ಬರೂ ಉಳಿಯಲಿಲ್ಲ.

ಊರಿಗೆ ಬಂದದ್ದೇ ತಡ, ಸುದ್ದಿ ಹಬ್ಬಿತು. ಪಕ್ಕದ ಓಣಿಯ ನೇಕಾರ ಹೆಣ್ಣುಮಕ್ಕಳ ಸಂಘದವರು ತಾವೂ ಹೊರಡುತ್ತೇವೆ, ಓದಲು ಪುಸ್ತಕ ಕೊಡಿರಿ ಎಂದು ಬಂದರು. ಫಕ್ಕೀರವ್ವ ನನ್ನನ್ನು ಕೊಡಲು ಹೋಗಿ ತಡೆದಳು. ಹೀಗೇ ಕೊಟ್ಟರೆ ಇವರೂ ಎಂಬತ್ತನೆಯ ಪುಟಕ್ಕೆ ದಂಡೆಯ ಮೇಲೆ ನಿಲ್ಲುತ್ತಾರೆ. ಭಾನುವಾರ ತನಕ ತಡೆಯಿರಿ ಎಂದು ಹೇಳಿ ಕಳಿಸಿದಳು.

ಒಂದು ದೊಡ್ಡ ಬಿಳಿ ಹಾಳೆ ತಂದು ಮೂರು ಮಡಿಕೆ ಮಾಡಿದಳು, ಅಂಚು ಸೀಳಿದಳು. ಹದಿನಾರು ಪುಟ. ಎಂಬತ್ತೊಂದು ಎಂದು ಮೇಲೆ ಅಂಕಿ ಬರೆದು ಶುರು ಮಾಡಿದಳು. ಕಚ್ಚಿ ಬಿಗಿಯಾಗಿ ಕಟ್ಟಿಕೊಳ್ರಿ. ನೀರು ಉಪ್ಪೈತಿ, ಬಾಯಿ ಮುಚ್ಚಿರ್ರಿ. ಕಾವಲಿನವರು ಬ್ಯಾಡಂದ ಕಡೆ ಹೋಗಬ್ಯಾಡ್ರಿ. ತೆರಿಗೆ ಬೆನ್ನು ಕೊಡ್ರಿ. ಒಬ್ಬರ ಕೈ ಒಬ್ಬರು ಬಿಡಬ್ಯಾಡ್ರಿ. ಬಿದ್ರ ಏಳ್ರಿ, ನಾನೂ ಬಿದ್ದಿದ್ದೆ. ಏಳನೆಯ ಇಯತ್ತೆಯ ಅಕ್ಷರ, ಸಾಲು ಸೊಟ್ಟ. ನನ್ನ ಅಚ್ಚಿನ ಅಕ್ಷರಗಳ ನಡುವೆ ಅವು ಬಂದು ಕೂರುವಾಗ ನನಗೆ ಯಾವ ಮುಜುಗರವೂ ಆಗಲಿಲ್ಲ. ನನ್ನ ರಟ್ಟು ಕಿತ್ತು, ಹಳೆಯ ದಾರ ಬಿಡಿಸಿ, ಮೊದಲಿನಿಂದ ಹೊಲಿದಳು. ಎರಡು ಸಲ ಬಂದ ಫಾರ್ಮನ್ನು ತೆಗೆಯಲಿಲ್ಲ. ಅದು ತನ್ನ ಕೈಯಿಂದ ಆದದ್ದು, ಇರಲಿ ಎಂದಳು. ಇನ್ನು ಬೆನ್ನಿಗೆ ಗಟ್ಟಿ ಕಾಗದ ಅಂಟಿಸಿ ಅದೇ ರಟ್ಟು ಹಾಕುವುದಷ್ಟೇ ಉಳಿದಿತ್ತು. ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಯುತ್ತಿತ್ತು.

ಅಷ್ಟರಲ್ಲಿ ಕೆಮ್ಮು ಕೇಳಿಸಿತು. ಬಾಗಿಲಲ್ಲಿ ಮುರಿಗೆಪ್ಪ, ಕೋಲೂರಿಕೊಂಡು. ಸುದ್ದಿ ಅವನಿಗೂ ಮುಟ್ಟಿತ್ತು. ಅಂಗಿಯ ಕಿಸೆಯಿಂದ ಕಂದು ಬಣ್ಣಕ್ಕೆ ತಿರುಗಿದ ಒಂದು ಫಾರ್ಮು ತೆಗೆದು ಮುಂದೆ ಹಿಡಿದ.

"ಅವತ್ತ ಕೊಡಬೇಕಾಗಿತ್ತವಾ," ಎಂದ. "ನನ್ನ ತಪ್ಪು."

ಆರನೆಯ ಫಾರ್ಮು. ನನ್ನ ಮೈಯ ತುಂಡು. ಮೂವತ್ತಮೂರು ವರ್ಷ ಕಾದದ್ದು ಅದಕ್ಕಾಗಿ. ಈಗ ಫಕ್ಕೀರವ್ವ ತಾನು ಬರೆದ ಹಾಳೆಗಳನ್ನು ಬಿಚ್ಚಿ ಅದನ್ನು ಹೊಲಿಯುತ್ತಾಳೆಂದು ನನಗೆ ಜೀವ ಎಳೆಯಿತು. ಬೇಕೋ ಬೇಡವೋ ನನಗೇ ತಿಳಿಯದಾಯಿತು. ಅವಳು ಮುರಿಗೆಪ್ಪನಿಗೆ ಕೂರಲು ಹೇಳಿ ಚಹಾ ಕೊಟ್ಟಳು. ಆಮೇಲೆ ಚಾಕುವಿನಿಂದ ಮಡಿಕೆ ಸೀಳಿ, ನಮ್ಮಲ್ಲಿ ಯಾರೂ ಎಂದೂ ಓದದ ಎಂಬತ್ತೊಂದನೆಯ ಪುಟವನ್ನು ಗಟ್ಟಿಯಾಗಿ ಓದಿದಳು.

"'ಇದು ಗಂಡಸರ ವಿಹಾರ ಎಂಬುದು. ಜೊತೆಗೆ ಬಂದ ಹೆಂಗಸರು ದಡದಲ್ಲಿ ಕುಳಿತು ಸಾಮಾನು ಕಾಯುವುದು ಯೋಗ್ಯ.'"

ಮುಂದಿನ ಪುಟಗಳಲ್ಲಿ ಗಂಡಸರು ಈಜುವ ಬಗೆ ಇತ್ತು. ಅವಳು ಎಲ್ಲ ಓದಿದಳು, ಯಾವುದನ್ನೂ ಬಿಡಲಿಲ್ಲ. ಮುರಿಗೆಪ್ಪ ಬಟ್ಟಲು ಕೆಳಗಿಟ್ಟು, ಒಳಗೆ ಹೀಗಿದೆ ಎಂದು ತನಗೆ ಗೊತ್ತೇ ಇರಲಿಲ್ಲ, ತಾನು ಒಂದು ಪುಸ್ತಕವನ್ನೂ ಓದಿದವನಲ್ಲ ಎಂದ. ಅವನ ಮುಖ ನೋಡಿ ನನಗೂ ಸಿಟ್ಟು ಇಳಿಯಿತು. ಫಕ್ಕೀರವ್ವ ಮಾತ್ರ ಆ ಹಾಳೆಗಳನ್ನು ಬೆರಳಲ್ಲಿ ಹಿಚುಕಿ ನೋಡಿದಳು, ಬೈಂಡಿಂಗಿನವರು ಕಾಗದದ ದಪ್ಪ ನೋಡುವ ಹಾಗೆ.

"ಕಾಗದ ಛಲೋ ಐತಿ ಬಿಡ್ರಿ ಯಜಮಾನ್ರ," ಎಂದಳು. "ಇಟ್ಟು ಕಾದಿದ್ದು ಉಪಯೋಗಕ್ಕ ಬಂತು."

ಆ ಹಾಳೆಗಳನ್ನೇ ಉದ್ದುದ್ದ ಪಟ್ಟಿ ಮಾಡಿ, ಒಂದರ ಮೇಲೊಂದು ಅಂಟು ಸವರಿ, ನನ್ನ ಬೆನ್ನಿಗೆ ಜಡಿದಳು. ನಾನು ಅಲುಗದ ಹಾಗೆ ಮುರಿಗೆಪ್ಪನೇ ಎರಡೂ ಕೈಯಿಂದ ಒತ್ತಿ ಹಿಡಿದ.

ಈಗ ನಾನು ಮುದುಕ. ಸಂಘದ ಕಪಾಟಿನಲ್ಲಿರುತ್ತೇನೆ, ಹಾಳೆಗಳು ಹಳದಿ, ಎಂಬತ್ತನೆಯ ಪುಟದ ಮೇಲೆ ಉಪ್ಪಿನ ಕಲೆ. ದ್ವೀಪಕ್ಕೆ ಹೊರಟ ಹೆಣ್ಣುಮಕ್ಕಳು ಹೋಗುವ ಮೊದಲು ನನ್ನನ್ನು ಒಯ್ಯುತ್ತಾರೆ, ಇಲ್ಲಿಯವರೆಗೆ ಏಳು ಸಂಘದವರು ಒಯ್ದಿದ್ದಾರೆ. ಎಂಬತ್ತು ಓದಿ, ಮತ್ತೆ ಅರವತ್ತೈದು ಬಂದಾಗ ನಕ್ಕು, ಮತ್ತೊಮ್ಮೆ ಎಂಬತ್ತಕ್ಕೆ ಬಂದು ಎಂಬತ್ತೊಂದಕ್ಕೆ ಹೋಗುತ್ತಾರೆ. ಕಚ್ಚೆ ಬಿಗಿಯುವುದು ಹೇಗೆಂದು ಅಲ್ಲೇ ನಿಂತು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಊರಿನ ಓದಿದವರೊಬ್ಬರು ಬಂದು, ಮೂಲ ಪುಟಗಳು ಎಲ್ಲಿ, ಇದನ್ನು ಸರಿಪಡಿಸಬಾರದೇ ಎಂದು ಕೇಳಿ ಹೋದರು.

ಮೂಲ ಪುಟಗಳು ಎಲ್ಲಿಯೂ ಹೋಗಿಲ್ಲ. ನನ್ನ ಬೆನ್ನಿನಲ್ಲಿ ಕೂತಿವೆ, ಸಾಮಾನು ಕಾಯುತ್ತ.