ವೇದಿಕೆಯ ಮೇಲಿರುವ ಗಣ್ಯರೇ

ಕಾರ್ಡಿನ ಮೇಲಿದ್ದದ್ದು ಬಾಳೆಹಣ್ಣು. ಮಹಾರುದ್ರಪ್ಪನಿಗೆ ಅದರಲ್ಲಿ ಸಂಶಯವಿರಲಿಲ್ಲ. ಬಾಯಿ ತೆರೆದ.

"ವೇದಿಕೆಯ ಮೇಲಿರುವ ಗಣ್ಯರೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಬಾಯಿಂದ ಏನು ಬಂದರೂ ತಟ್ಟಬೇಕು. ಹುಮನಾಬಾದಿನ ಈ ಕೋಣೆಯಲ್ಲಿ ಮಾತಿನ ಚಿಕಿತ್ಸೆ ನಡೆಸುವ ವಿಜಯಶ್ರೀಯ ನಿಯಮ ಅದು.

ಅವನು ಬಸವಕಲ್ಯಾಣದ ನಿವೃತ್ತ ಅಧ್ಯಾಪಕ. ಊರಿನ ಪ್ರತಿ ಸಭೆಗೂ ನಿರೂಪಕ. ಲಕ್ವ ಹೊಡೆದು ಮಾತೆಲ್ಲ ಹೋಗಿತ್ತು, ನಿರೂಪಣೆಯ ಎರಡು ಸಾಲು ಉಳಿದಿದ್ದವು. ಪಕ್ಕದ ಕುರ್ಚಿಯ ಪಾಂಡುರಂಗ ದುಬಲಗುಂಡಿಯ ರೈತ. ಅವನಿಗೆ ಉಳಿದದ್ದು ಒಂದೇ ಬೈಗುಳ. ಅದರಲ್ಲೇ ನೀರು ಕೇಳುತ್ತಿದ್ದ, ಫ್ಯಾನು ಹಾಕಿಸುತ್ತಿದ್ದ. ಮಹಾರುದ್ರಪ್ಪನಿಗೆ ಇದು ಸಹನವಾಗುತ್ತಿರಲಿಲ್ಲ.

"ಇವತ್ತ ನಿಮ್ಮ ಮನಿಯವರ ಹೆಸರು ಹೇಳೂಣ್ರಿ," ಎಂದು ವಿಜಯಶ್ರೀ ಹೆಂಡಂದಿರನ್ನು ಎದುರು ಕೂರಿಸಿದಳು.

ಪಾಂಡುರಂಗ ತನ್ನ ಸೋನುಬಾಯಿಯನ್ನು ನೋಡಿ ಮೆಲ್ಲಗೆ, "ಹಲ್ಕಟ್," ಎಂದ.

"ಹೂಂ, ಇಲ್ಲೇ ಇದ್ದೀನಿ," ಎಂದಳು ಅವಳು.

ಚಪ್ಪಾಳೆ.

ಮಹಾರುದ್ರಪ್ಪನ ಹೆಂಡತಿ ಲಲಿತಾಬಾಯಿ, ಇವತ್ತು ಹೆಸರಿನ ಪಾಠವೆಂದು ಹೋದ ವಾರವೇ ತಿಳಿದು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು.

"ಹೇಳ್ರಿ ಸರ. ಲ... ಲ..." ವಿಜಯಶ್ರೀ ಮೊದಲ ಅಕ್ಷರ ಕೊಟ್ಟಳು.

ಅವನು ಹುಡುಕಿದ. ಸಾವಿರಾರು ಹೆಸರುಗಳನ್ನು ಬಿರುದು ಸಮೇತ ಕರೆದು ಕುರ್ಚಿಗೆ ಕೂರಿಸಿದ್ದ. ಇವಳು ಮಾತ್ರ ಮೂವತ್ತೆರಡು ವರ್ಷ "ಕೇಳಾಕತ್ತಿ ಏನ" ಆಗಿದ್ದಳು. ಲಕ್ವ ಒಯ್ದ ಮಾತುಗಳಲ್ಲಿ ಆ ಹೆಸರು ಇರಲಿಲ್ಲ. ಅದು ಎಂದೂ ಅವನ ಬಾಯಿಗೆ ಬಂದಿರಲೇ ಇಲ್ಲ. ಆದರೂ ಇವತ್ತು ಹೇಳಬೇಕು. ಅವಳು ಕಾಯುತ್ತಿದ್ದಳು.

"ಬಿಡ್ರಿ ಮೇಡಂ," ಎಂದಳು ಲಲಿತಾಬಾಯಿ ಸೆರಗಿನ ನಿರಿಗೆ ನೋಡುತ್ತ. "ಆರಾಮ ಇದ್ದಾಗೂ ಕರದಿಲ್ರಿ."

"ಹಂಗಾರ ನೀವರ ಅವರ ಹೆಸರು ಕರೀರಿ."

"ಗಂಡನ ಹೆಸರು ನಾ ಹ್ಯಾಂಗ ಹೇಳ್ಲಿರಿ?"

ಪಾಂಡುರಂಗ ನಕ್ಕು, ಬೈದ. ಅದು ತನಗೇ ಎಂದು ಮಹಾರುದ್ರಪ್ಪನಿಗೆ ತಿಳಿಯಿತು.

ಅವನು ಎದ್ದು ನಿಂತ. ಎಡಗೈ, ಅಲ್ಲಿಲ್ಲದ ಮೈಕನ್ನು ಸರಿಪಡಿಸಿತು. ನಾಲಿಗೆ ಹಲ್ಲಿನ ಹಿಂದೆ ಹೋಗಿ ತಾಗಿತು. ಲಲಿತಾಬಾಯಿ ತಲೆಯೆತ್ತಿದಳು.

"ಈಗ ವಂದನಾರ್ಪಣೆ."

ಚಪ್ಪಾಳೆ. ಅವನು ಒಂದು ಸಭೆಗೂ ಕರೆದೊಯ್ಯದ ಲಲಿತಾಬಾಯಿಯೂ ತಟ್ಟಿದಳು. ಉಳಿದವರ ಕೈ ನಿಂತ ಮೇಲೂ, ಸಭೆ ಮುಗಿದು ಕುರ್ಚಿ ಎತ್ತುವ ತನಕ ಏಳದ ಹಿಂದಿನ ಸಾಲಿನವಳ ಹಾಗೆ, ಅವನ ಮುಖ ನೋಡದೆ ತಟ್ಟುತ್ತಲೇ ಇದ್ದಳು.