ಬಾನೆಟ್ ಮೇಲಿನ ಒಂದು ಚೌಕ

ಹೆಣ್ಣು ಕೊಡುವ ಮೊದಲು ಹುಡುಗನ ಮನೆತನ ನೋಡುತ್ತಾರೆ, ಸಂಬಳ ನೋಡುತ್ತಾರೆ, ಅವನ ಊರಿಗೆ ಹೋಗಿ ಗುಟ್ಟಾಗಿ ವಿಚಾರಿಸುತ್ತಾರೆ. ಅಮರೇಶಪ್ಪನವರು ಅದೆಲ್ಲ ಬಿಟ್ಟು ಹುಡುಗನ ಕೈಗೆ ತಮ್ಮ ಕಾರು ಕೊಟ್ಟರು.

ಅವರದೂ ತಪ್ಪೆನ್ನುವ ಹಾಗಿಲ್ಲ. ಶರಣಕುಮಾರನ ಅಂಗಡಿ ಗಚ್ಚಿಬೌಲಿಯಲ್ಲಿದೆ. ಕಾರಿನ ಬಣ್ಣದ ಮೇಲೆ ಎದ್ದ ಗೀರುಗಳನ್ನು ಮೆಷಿನ್ನಿನಿಂದ ಉಜ್ಜಿ ತೆಗೆಯುವುದು ಅವನ ಕಸುಬು. ಯಾವ ಪಾಲಿಶಿಗೆ ಯಾವ ಪ್ಯಾಡ್ ಎಂದು ಆರಿಸುವುದರಲ್ಲೇ ಅರ್ಧ ವಿದ್ಯೆ ಇದೆ ಎಂದು ಅವನು ನೀರಾವರಿ ಇಲಾಖೆಯಿಂದ ನಿವೃತ್ತರಾದ ಈ ಹಿರಿಯರಿಗೆ ಒಂದು ತಾಸು ವಿವರಿಸಿದ್ದ. ಎಲ್ಲ ಕೇಳಿ ಅವರು, "ಕಾರು ತೊಳೀತಿ ಅನ್ನು" ಎಂದಿದ್ದರು.

ಶರಣಕುಮಾರ ಆ ಮಾತನ್ನು ನುಂಗಿಕೊಂಡಿದ್ದು ರಶ್ಮಿಗಾಗಿ. ರಶ್ಮಿ ಅಮರೇಶಪ್ಪನವರ ಒಬ್ಬಳೇ ಮಗಳು, ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಗುಳಿಗೆ ಪರೀಕ್ಷೆ ಮಾಡುವವಳು. ಎರಡು ಭೇಟಿ, ಲೆಕ್ಕವಿಲ್ಲದಷ್ಟು ಫೋನು ಆಗಿ ಹುಡುಗ ಹುಡುಗಿ ಒಪ್ಪಿಯಾಗಿತ್ತು. ಉಳಿದದ್ದು ಅಪ್ಪನ 'ಹೂಂ' ಒಂದೇ. "ಅದೇನ್ ಕೆಲಸ ಐತಿ, ನನ್ನ ಕಣ್ಣಮುಂದ ಮಾಡಿ ತೋರ್ಸು. ಆಮ್ಯಾಲ ನೋಡೂಣು" ಎಂದಿದ್ದರು ಅಪ್ಪ.

ಹೀಗಾಗಿ ಭಾನುವಾರ ಬೆಳಿಗ್ಗೆ ಅವನು ಮೆಷಿನ್ ಹೊತ್ತು ಅವರ ಮನೆಯಂಗಳಕ್ಕೆ ಬಂದ. ಕಾರಿಗೆ ಹದಿನಾಲ್ಕು ವರ್ಷ. ಕುಂಕುಮದ ಬಣ್ಣವಂತೆ, ನಂಬಬೇಕಷ್ಟೆ. ಬಿಸಿಲಿಗೆ ಬಾನೆಟ್ ತುಂಬ ಜೇಡರ ಬಲೆಯಂಥ ಗೀರು ಕಾಣುತ್ತಿತ್ತು.

"ಇವು ಹೆಂಗ ಬಂದ್ವು?" ಅಮರೇಶಪ್ಪನವರು ಕೇಳಿದರು.

"ದಿನಾ ಒಣ ಅರಿವಿಲೆ ಒರಸ್ತಾರಲ್ರಿ ಸಾಹೇಬ್ರ, ಧೂಳ ಸಮೇತ ತಿಕ್ಕಿದಂಗಾಗ್ತೈತಿ. ಯಾರೋ ತಿಳಿಗೇಡಿ ಮಾಡಿದ ಕೆಲಸ."

ಅಮರೇಶಪ್ಪನವರು ಕೈಯಲ್ಲಿದ್ದ ಅರಿವೆಯನ್ನು ನಿಧಾನವಾಗಿ ಬೆನ್ನ ಹಿಂದೆ ಸರಿಸಿದರು. ಬಾಗಿಲಲ್ಲಿದ್ದ ಅವರ ಹೆಂಡತಿ ಸೂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶರಣಕುಮಾರನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಅವನು ಮಾತು ಬಿಟ್ಟು ಕೆಲಸಕ್ಕಿಳಿದ. ಬಾನೆಟ್ ಮೇಲೆ ಟೇಪು ಅಂಟಿಸಿ ಗೇಣೆರಡು ಅಗಲದ ಚೌಕ ಮಾಡಿದ. ಸ್ಟೂಲಿನ ಮೇಲೆ ಪ್ಯಾಡುಗಳನ್ನು ಜೋಡಿಸಿದ: ಮೆತ್ತನೆಯ ಸ್ಪಂಜು, ಗಟ್ಟಿ ಸ್ಪಂಜು, ಮೈಕ್ರೋಫೈಬರ್, ಉಣ್ಣೆ. ಪಕ್ಕದಲ್ಲಿ ನುಣುಪು, ನಡುತರ, ತರಿ ಎಂಬ ಮೂರು ಪಾಲಿಶ್ ಬಾಟಲಿ.

"ಮೊದಲ ಮೆತ್ತಂದು ಹಚ್ಚಿ ನೋಡಬೇಕ್ರಿ. ಅದಕ್ಕ ಬಗ್ಗಲಿಲ್ಲಂದ್ರಷ್ಟ ಮುಂದಿಂದು."

"ನಮ್ಮ ಇಲಾಖೆದಾಗೂ ಹಂಗ," ಅಮರೇಶಪ್ಪನವರಿಗೆ ಖುಷಿಯಾಯಿತು. "ಮೊದಲ ನೆನಪೋಲೆ, ಆಮ್ಯಾಲ ನೋಟೀಸು." ನೋಟುಬುಕ್ಕು ತರಿಸಿಕೊಂಡು ಕುರ್ಚಿ ಎಳೆದು ಕೂತರು.

ಮೆತ್ತನೆಯ ಸ್ಪಂಜಿಗೆ ನುಣುಪು ಪಾಲಿಶ್ ಹಾಕಿದ. ಗೀರು ಮಿಸುಕಲಿಲ್ಲ. ಅದೇ ಸ್ಪಂಜಿಗೆ ನಡುತರದ್ದು, ಗೀರು ನಕ್ಕಿತು. ಗಟ್ಟಿ ಸ್ಪಂಜಿಗೆ ಅರ್ಧ ಹೋಯಿತು. ಕೊನೆಗೆ ಮೈಕ್ರೋಫೈಬರಿಗೆ ತರಿ ಪಾಲಿಶ್ ಹಾಕಿ ಆಡಿಸಿ, ಮೇಲೆ ನುಣುಪು ಬಳಿದು ಒರೆಸಿದ. ಚೌಕದೊಳಗೆ ಆಕಾಶ ಬಿತ್ತು, ತೆಂಗಿನಗರಿ ಬಿತ್ತು. ಎದುರು ಮನೆಯ ತೆಲುಗಿನವರು ಇಣುಕಿ "ಅದ್ದಂ ಲೆಕ್ಕ ಉಂದಿ ಸಾರ್" ಎಂದು ಕನ್ನಡಿಗೆ ಹೋಲಿಸಿ ಹೋದರು. ಸೂಗಮ್ಮ ಬಂದು ಅದರಲ್ಲೇ ಕುಂಕುಮ ತಿದ್ದಿಕೊಂಡರು. ಶರಣಕುಮಾರನ ಎದೆ ಉಬ್ಬಿತು.

ಅಮರೇಶಪ್ಪನವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಈ ಮುದುಕ ಯಾರು?"

"ನೀವೇರಿ ಸಾಹೇಬ್ರ."

"ನಾ ಹಿಂಗಿಲ್ಲ. ಹದಿನಾಲ್ಕು ವರ್ಷಾತು, ದಿನಾ ಇದರಾಗ ಮಾರಿ ನೋಡಕೊಂಡೇ ಹೊರಗ ಹೋಗ್ತೀನಿ. ನನ್ನ ಮಾರಿ ನನಗ ಗೊತ್ತಿಲ್ಲೇನು? ನಿನ್ನ ಪಾಲಿಶ್ ಸುಳ್ಳು ಹೇಳಾಕತ್ತೈತಿ." ನೆಟ್ಟಗಾಗಿ ತೀರ್ಪು ಕೊಟ್ಟರು. "ಮೊದಲಿನಂಗ ಮಾಡಿಕೊಡು. ಹಂಗ ಮಾಡಿದ್ರ ಹೂಂ. ಇಲ್ಲಂದ್ರ ಇಲ್ಲ."

ತಾನೇ ತೆಗೆದ ಗೀರನ್ನು ತಾನೇ ಎಳೆಯುವುದು! ಇಂಥ ಕೆಲಸಕ್ಕೆ ಯಾವ ಬಾಟಲಿಯ ಮೇಲೂ ಸೂಚನೆ ಬರೆದಿರುವುದಿಲ್ಲ. ಆದರೆ ರಶ್ಮಿಯ ಮುಖ ನೆನಪಾಗಿ ಶರಣಕುಮಾರ ಮತ್ತೆ ಪ್ಯಾಡ್ ಆರಿಸಲು ಕೂತ. ಉಣ್ಣೆಯ ಪ್ಯಾಡಿಗೆ ತರಿ ಪಾಲಿಶ್ ಹಾಕಿ ಉಜ್ಜಿದ. ಮಂಕಾಯಿತು, ಆದರೆ ಹೊಸ ಮಂಕು. "ಇದು ಹೋದ ವಾರದ ಗೀರು," ಅಮರೇಶಪ್ಪನವರು ಭೂತಗನ್ನಡಿ ಹಿಡಿದು ತಳ್ಳಿಹಾಕಿದರು. "ನನ್ನವು ಹಳೇವು." ಒಣ ಪ್ಯಾಡ್ ಹಾಕಿದ, ಗೀರು ದುಂಡಗೆ ಬಂದವು. ದುಂಡಗಿನವು ಬೇಡವಂತೆ. ನೋಟುಬುಕ್ಕಿನಲ್ಲಿ ಪ್ಯಾಡು-ಪಾಲಿಶಿನ ಆರು ಜೋಡಿಗೆ ಅಡ್ಡಗೆರೆ ಬಿತ್ತು. ಕೊನೆಗೆ ಅವನು ಸೋತು, ಅವರ ಬೆನ್ನ ಹಿಂದಿನ ಅರಿವೆಯನ್ನೇ ಬೇಡಿ ಪಡೆದು, ಅಂಗಳದ ಧೂಳಿನಲ್ಲಿ ಹೊರಳಿಸಿ, ಅವರು ಒರೆಸುವ ಹಾಗೆಯೇ ಎಡದಿಂದ ಬಲಕ್ಕೆ ಒರೆಸಿದ. ಕಲಿತ ವಿದ್ಯೆಗೆ ಕೈಯಾರೆ ಮಣ್ಣು ಹಾಕುತ್ತಿದ್ದೇನೆಂದು ಅಳು ಬಂದಂತಾಯಿತು.

ಅಮರೇಶಪ್ಪನವರು ಬಗ್ಗಿದರು. ಮಬ್ಬಿನಲ್ಲಿ ಅವರ ಐವತ್ತು ವರ್ಷದ ಮುಖ ಮರಳಿ ಬಂದಿತ್ತು.

"ಶಾಬಾಸ್! ಹೇಳಿದ ಮಾತು ಕೇಳೋ ಹುಡುಗ. ಸೂಗಮ್ಮಾ, ಸಕ್ರಿ ತಗೊಂಡ್ ಬಾ, ಹೂಂ ಅಂದುಬಿಟ್ಟೆ!"

ಸಕ್ಕರೆ ತಂದವಳು ರಶ್ಮಿ. ಬಟ್ಟಲನ್ನು ಸ್ಟೂಲಿನ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಕಿಟಕಿಯಿಂದ ಅವಳು ಎಲ್ಲ ನೋಡಿದ್ದಳು.

"ಒಂದ್ ಮಾತು ಕೇಳ್ತೀನಿ," ಎಂದಳು. "ನಾಳೆ ನಮ್ಮಪ್ಪ, 'ರಶ್ಮಿ ಭಾಳ ಮಾತಾಡ್ತಾಳ, ಆಕಿನ್ನೂ ಸ್ವಲ್ಪ ಮಂಕು ಮಾಡು' ಅಂದ್ರ, ನನಗ ಯಾವ ಪ್ಯಾಡ್ ಹಾಕ್ತೀರಿ?"

ಅವಳು ಒಳಗೆ ಹೋಗಲಿಲ್ಲ. ಉತ್ತರಕ್ಕಾಗಿ ನಿಂತೇ ಇದ್ದಳು. ಶರಣಕುಮಾರನ ಕಿವಿ ಬಿಸಿಯಾದವು. ಕಾರು ತೊಳೀತಿ ಅಂದಾಗಲೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಅಪ್ಪನ ಒಪ್ಪಿಗೆ ಕೈಗೆ ಬಂದಿತ್ತು, ಮಗಳು ಕೈತಪ್ಪುತ್ತಿದ್ದಳು.

ಅವನು ಮೈಕ್ರೋಫೈಬರ್ ಪ್ಯಾಡ್ ಹಾಕಿ ತರಿ ಪಾಲಿಶ್ ಸುರಿದು ಸ್ವಿಚ್ ಒತ್ತಿದ. ಈ ಸಲ ಟೇಪೂ ಇಲ್ಲ, ಚೌಕವೂ ಇಲ್ಲ.

"ಏ ತಮ್ಮಾ, ಏನ್ ಮಾಡಾಕತ್ತಿ? ನಿಂದರ್ಸು! ಹೂಂ ಅಂದದ್ದು ವಾಪಸ್ ತಗೋತೀನಿ!"

"ತಗೋರ್ರಿ ಸಾಹೇಬ್ರ," ಮೆಷಿನ್ನಿನ ಸದ್ದನ್ನು ಮೀರಿ ಶರಣಕುಮಾರ ಕೂಗಿದ. "ನನಗ ಬರೋ ಕೆಲಸ ಇದ. ಮಂಕು ಮಾಡೋದು ಬರಂಗಿಲ್ಲ!"

ಅಮರೇಶಪ್ಪನವರು ಪ್ಲಗ್ಗು ಕೀಳಲು ಓಡಿದರು. ಪ್ಲಗ್ಗಿನ ಮುಂದೆ ಸೂಗಮ್ಮ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇಡೀ ಬಾನೆಟ್ ಕುಂಕುಮದ ಬಣ್ಣಕ್ಕೆ ಬಂತು. ಅದರೊಳಗೆ ಮನೆ ಇತ್ತು, ಬಿಸಿಲಿತ್ತು, ನರೆತ ಮೀಸೆಯ ಅಮರೇಶಪ್ಪನವರಿದ್ದರು. ಪಕ್ಕದಲ್ಲಿ ಅವರಷ್ಟೇ ಎತ್ತರಕ್ಕೆ ಬೆಳೆದ ಮಗಳು ನಿಂತಿದ್ದಳು. ಅವರು ಆ ಇಬ್ಬರನ್ನೂ ದಿಟ್ಟಿಸಿದರು. ಸಿಟ್ಟು ಮಾಡಬೇಕೆಂದವರು ಮೀಸೆ ಮುಟ್ಟಿ ನೋಡಿಕೊಂಡರು.

"ಹೇಳಿದ್ ಮಾತು ಕೇಳಂಗಿಲ್ಲ ಇಂವ," ಎಂದರು.

"ಅದಕ್ಕ ನಾ ಹೂಂ ಅಂದೀನಿ, ಅಪ್ಪಾ," ಎಂದಳು ರಶ್ಮಿ.

ಅಮರೇಶಪ್ಪನವರು ಹೆಗಲ ಮೇಲಿನ ಟವಲು ತೆಗೆದು ಬಾನೆಟ್ ಒರೆಸಲು ಹೋದರು. ಕೈ ಅರ್ಧಕ್ಕೇ ನಿಂತಿತು. ಆಮೇಲೆ ತಮ್ಮ ಕಣ್ಣೊರೆಸಿಕೊಂಡರು.