ಅಪ್ಪ ಆರಿಸಿದ ಗಂಟೆಯ ಚಿತ್ರ

ನಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ‘ಈ ವಾರ ಏನು ನೋಡೋಣ’ ಎಂಬ ಅಂಕಣ ಬರೆಯುವುದು ನಾನು. ಹೊಸದಾಗಿ ಬಂದ ಡಾಕ್ಯುಮೆಂಟರಿಗಳಲ್ಲಿ ಒಂದನ್ನು ಆರಿಸಿ, ಅದನ್ನು ಯಾಕೆ ನೋಡಬೇಕು ಎಂದು ಹೇಳಬೇಕು. ಬರೆಯುವುದು ಬಸ್ಸಿನಲ್ಲಿ, ಫೋನಿನಲ್ಲಿ, ಒಂದೇ ಹೆಬ್ಬೆರಳಿನಲ್ಲಿ. ಪ್ರತಿವಾರ ನೂರಾ ಹನ್ನೆರಡು ಸಲ ಓದಿಸಿಕೊಳ್ಳುತ್ತದೆ. ಅದರಲ್ಲಿ ಮೂವತ್ತು ಸಲ ನಾನೇ. ಅಂಕಣ ನೋಡಿಕೊಳ್ಳುವ ಮೇಷ್ಟ್ರಿಗೆ ಗೊತ್ತಿಲ್ಲದ ಗುಟ್ಟೆಂದರೆ, ಆಯ್ಕೆ ನನ್ನದಲ್ಲ, ಹೆಚ್ಚಾಗಿ ಅಪ್ಪನದು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಬಾಗಿಲು ಮುಚ್ಚುವ ಸದ್ದು ಕೇಳಿಯೇ ಯಾವ ಮಹಡಿಯಲ್ಲಿ ಏನು ಸವೆದಿದೆ ಎಂದು ಹೇಳುತ್ತಾನೆಂದು ಕಂಪನಿಯಲ್ಲಿ ಅವನಿಗೆ ಹೆಸರು. ಮನೆಗೆ ಬಂದು ಕಾಲು ಚಾಚಿದರೆ ನೋಡುವುದು ಡಾಕ್ಯುಮೆಂಟರಿ ಮಾತ್ರ.

“ಕಥೆ ಸಿನಿಮಾದಲ್ಲಿ ಲಿಫ್ಟ್ ಕೆಟ್ರೆ ಒಳಗಿರೋರು ಲವ್ ಮಾಡ್ತಾರೆ ಕಣೇ. ನಿಜವಾಗ್ಲೂ ಕೆಟ್ರೆ ನನಗೆ ಬೈತಾರೆ. ನನಗೆ ನಿಜವೇ ಸಾಕು,” ಅನ್ನುತ್ತಾನೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ವಾರಕ್ಕೊಬ್ಬರು ಒಂದು ಚಿತ್ರ ಶಿಫಾರಸು ಮಾಡಬೇಕು, ಎಲ್ಲರೂ ನೋಡಬೇಕು. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಿಕ್ಕವರು ಪ್ರಶ್ನೆ ಕೇಳುತ್ತಾರೆ. ಶಿಫಾರಸು ಮಾಡಿದವರು ಉತ್ತರ ತಪ್ಪಿದರೆ ಪಾತ್ರೆ ಅವರ ಪಾಲಿಗೆ. ಅಪ್ಪ ಪಾತ್ರೆ ಮುಟ್ಟಿದ್ದನ್ನು ನಾನು ಕಂಡೇ ಇರಲಿಲ್ಲ.

ಮೂರು ತಿಂಗಳಿನಿಂದ ನನ್ನ ತಲೆಗೆ ಹುಳ ಹೊಕ್ಕಿತ್ತು. ಅಪ್ಪ ಹೇಳುವುದೆಲ್ಲ ಪರಭಾಷೆಯ ಚಿತ್ರಗಳೇ. ಹೆಪ್ಪುಗಟ್ಟಿದ ಕೆರೆಯ ಮಂಜುಗಡ್ಡೆಯ ದಪ್ಪ ಅಳೆಯುವ ಮುದುಕಿಯದು, ಮುಚ್ಚಿಹೋದ ಗಾಜಿನ ಕಾರ್ಖಾನೆಯದು, ಸಾವಿರ ಕುರಿಗಳನ್ನು ರೈಲು ಹಳಿ ದಾಟಿಸುವ ಅಣ್ಣತಮ್ಮಂದಿರದು. ಎಲ್ಲದರಲ್ಲೂ ಮಾತು ಯಾವುದೋ ನುಡಿಯಲ್ಲಿ, ಅರ್ಥ ಪರದೆಯ ಕೆಳಗೆ ಅಕ್ಷರದಲ್ಲಿ. “ಓದೋದಾದ್ರೆ ಪೇಪರ್ ಓದ್ತೀನಿ, ಅದಕ್ಕೆ ಟಿವಿ ಯಾಕೆ?” ಎಂದು ಇಂಥ ಚಿತ್ರಗಳನ್ನು ಉಗಿಯುತ್ತಿದ್ದವನು ಇದೇ ಅಪ್ಪ. ಈಗ ಟಿವಿಯ ಸದ್ದನ್ನೂ ಇಳಿಸಿಡುತ್ತಿದ್ದ. ಯಾಕೆಂದರೆ, “ನಿಮ್ಮಮ್ಮನ ಮಿಶನ್ ಗಲಾಟೆನೇ ಸಾಕು.” ಅಮ್ಮ ಮನೆಯಲ್ಲೇ ಪರದೆ, ದಿಂಬಿನ ಗವಸು ಹೊಲಿಯುತ್ತಾಳೆ. ಅವಳ ಮಿಶನ್ ಗಲಾಟೆಗೆ ಇಪ್ಪತ್ತು ವರ್ಷ ವಯಸ್ಸು. ಅದು ಈಗ ಹೇಗೆ ತೊಂದರೆಯಾಯಿತು?

ನನ್ನ ಗೆಳತಿ ಕಡ್ಡಿಗೆ ಹೇಳಿದೆ. ಅವಳು ಕಡ್ಡಿಯಂತೆಯೇ ಇದ್ದಾಳೆ, ಎಲ್ಲದಕ್ಕೂ ಕಡ್ಡಿಯನ್ನೂ ಆಡಿಸುತ್ತಾಳೆ.

“ಲೇ, ನಿಮ್ಮಪ್ಪ ಭಾಷೆ ಕಲೀತಿದಾರೆ. ಎಲ್ಲೋ ಹೊರಡೋ ಪ್ಲಾನು.”

“ಕೆರೆ ಅಳೆಯೋಕಾ?”

“ನಗು ನಗು. ಫೋನಲ್ಲಿ ಮಾತಾಡೋದು ಕಮ್ಮಿ ಮಾಡಿದಾರಾ?”

ಕಮ್ಮಿ ಮಾಡಿದ್ದ! ಫೋನ್ ಬಂದರೆ ಕತ್ತರಿಸಿ, “ಮೆಸೇಜ್ ಹಾಕಿ” ಎಂದು ಟೈಪು ಮಾಡುತ್ತಿದ್ದ.

“ಅಯ್ಯೋ, ಹಂಗಾದ್ರೆ ಯಾರೋ ಇದಾರೆ,” ಎಂದು ಕಡ್ಡಿ ಕಣ್ಣರಳಿಸಿದಳು.

ಅಂದಿನಿಂದ ನಾನು ಪತ್ತೇದಾರಿಕೆಗೆ ಇಳಿದೆ. ಅಪ್ಪ ಸ್ನಾನಕ್ಕೆ ಹೋದಾಗ ಫೋನ್ ತೆರೆದೆ. ಸಿಕ್ಕಿದ್ದು ಬೇರಿಂಗುಗಳ ನಲವತ್ತು ಫೋಟೊ. ಮೇಲಂಗಿ ಮೂಸಿದೆ. ಗ್ರೀಸು. “ಏನೇ, ನಾಯಿ ಥರ?” ಎಂದು ಅಮ್ಮ ಹಿಂದೆ ನಿಂತಿದ್ದಳು. “ಒಗೆಯೋಕಿದ್ಯಾ ನೋಡ್ದೆ,” ಎಂದೆ. ಹುಟ್ಟಿದಂದಿನಿಂದ ಬಟ್ಟೆ ಒಗೆಯದ ನನ್ನನ್ನು ಅಮ್ಮ ಅಡಿಯಿಂದ ಮುಡಿಯವರೆಗೆ ನೋಡಿ, ಮೇಲಂಗಿ ಕಸಿದುಕೊಂಡು ಹೋದಳು. ಅವಳಿಗೂ ಅನುಮಾನ ಬಂತು, ನನ್ನ ಮೇಲೆ.

ಆ ವಾರ ಅಪ್ಪ ಹೇಳಿದ್ದು ಗಂಟೆ ಎರಕ ಹೊಯ್ಯುವ ಮುದುಕನ ಚಿತ್ರ. ಮತ್ತೆ ಪರಭಾಷೆ. “ನೋಡ್ಲೇಬೇಕು. ಕೊನೇಲಿ ಆ ಅಜ್ಜನ ಮುಖ ಇದ್ಯಲ್ಲ, ಆಹಾ!” ಎಂದ. ನಾನು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಮುದುಕ ಒಂದು ವರ್ಷ ದುಡಿದು ಆಳೆತ್ತರದ ಗಂಟೆ ಮಾಡುತ್ತಾನೆ. ಊರೆಲ್ಲ ಸೇರುತ್ತದೆ. ಬಡಿಯುತ್ತಾನೆ. ಹೊರಡುವುದು ಮಡಕೆ ತಟ್ಟಿದಂಥ ಸತ್ತ ಸದ್ದು. ಒಳಗೆಲ್ಲೋ ಬಿರುಕು ಬಿಟ್ಟಿದೆ. ಯಾರೂ ಮಾತಾಡುವುದಿಲ್ಲ, ಪರದೆಯ ಕೆಳಗೂ ಏನೂ ಬರುವುದಿಲ್ಲ. ಮುದುಕ ಜೋರಾಗಿ ನಗುತ್ತಾನೆ, ಕಣ್ಣಲ್ಲಿ ನೀರು. ಅಲ್ಲಿಗೆ ಮುಗಿಯಿತು. ನಾನು ಇಳಿಯುವ ಸ್ಟಾಪು ದಾಟಿಹೋಗಿತ್ತು.

ಶನಿವಾರ ಊಟಕ್ಕೆ ಕೂತೆವು.

“ಕೊನೇಲಿ ಅಜ್ಜ ಯಾಕೆ ನಕ್ಕ?” ಎಂದು ಕೇಳಿದೆ.

ಅಪ್ಪ ತುತ್ತು ಮುಗಿಸಿ, ಬೆರಳು ಎತ್ತಿ ಹೇಳಿದ. “ಖುಷಿಗೆ! ವರ್ಷದ ಕಷ್ಟ, ಅಷ್ಟು ದೊಡ್ಡ ಗಂಟೆ, ಊರಿಗೆಲ್ಲ ಕೇಳೋ ಹಂಗೆ ಮೊಳಗ್ತು. ಯಾರಿಗೆ ನಗು ಬರಲ್ಲ?”

ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ರೀ, ಅದು ಒಡೆದಿತ್ತಲ್ರೀ.”

“ಏನು?”

“ಗಂಟೆ. ಒಡೆದಿತ್ತು.”

ಅಪ್ಪ ನಮ್ಮಿಬ್ಬರನ್ನೂ ನೋಡಿದ. “ಹಾ... ಹೌದಲ್ಲ. ನಿದ್ದೆ ಬಂದಿತ್ತು, ಕೊನೆ ಸರಿಯಾಗಿ ನೋಡ್ಲಿಲ್ಲ,” ಎಂದು ಎದ್ದು, ತಾನೇ ಪಾತ್ರೆ ಎತ್ತಿಕೊಂಡ. ಅಜ್ಜನ ಮುಖ ಆಹಾ ಎಂದವನಿಗೆ ಚಿತ್ರದ ಕೊನೆಯೇ ಗೊತ್ತಿಲ್ಲವಂತೆ. ಸಿಕ್ಕಿಬಿದ್ದೆ ಅಪ್ಪಾ, ಎಂದುಕೊಂಡೆ. ನೀನು ಇದ್ಯಾವುದನ್ನೂ ನೋಡಿಯೇ ಇಲ್ಲ. ಎಲ್ಲೋ ಓದಿಕೊಂಡು ಬಂದು ನಮ್ಮ ಕಿವಿಗೆ ಹೂ ಇಡುತ್ತಿದ್ದೀಯ. ಹಾಗಾದರೆ ಆ ಹೊತ್ತಿನಲ್ಲಿ ಎಲ್ಲಿರುತ್ತೀಯ?

ಅಡುಗೆಮನೆಗೆ ಹೋದೆ. ನನಗೆ ಬೆನ್ನು ಹಾಕಿ ನಿಂತು ತಟ್ಟೆ ಉಜ್ಜುತ್ತಿದ್ದ.

“ಅಪ್ಪಾ, ನಿಜ ಹೇಳು, ಎಲ್ಲಿಗೆ ಹೋಗ್ತೀಯ?”

ಉತ್ತರವಿಲ್ಲ. ನಲ್ಲಿ ಸದ್ದಿರಬೇಕು. ಅವನು ನಲ್ಲಿ ನಿಲ್ಲಿಸಿದ. ಮತ್ತೆ ಕೇಳಿದೆ. ತಟ್ಟೆ ಉಜ್ಜುತ್ತಲೇ ಇದ್ದ. ಜಂಬ ನೋಡು ಎಂದು ಸಿಟ್ಟಿನಿಂದ ಭುಜ ಹಿಡಿದೆ. ಬೆಚ್ಚಿಬಿದ್ದ. ತಟ್ಟೆ ಕೈಜಾರಿ ನೆಲಕ್ಕೆ ಬಿದ್ದು ಗಿರಗಿರ ಸುತ್ತಿತು. ನಾನು ಕಿವಿ ಮುಚ್ಚಿಕೊಂಡೆ. ಆ ಸದ್ದಿಗೆ ಅಪ್ಪ ಕಣ್ಣು ಕೂಡ ಮಿಟುಕಿಸಲಿಲ್ಲ.

“ಏನಮ್ಮಾ?” ಎಂದ. ನೋಡುತ್ತಿದ್ದುದು ನನ್ನ ಕಣ್ಣನ್ನಲ್ಲ, ತುಟಿಯನ್ನು.

ಮೂರು ತಿಂಗಳ ನನ್ನ ಪತ್ತೇದಾರಿಕೆ ಅಲ್ಲೇ ಕಾಲು ಮುರಿದುಕೊಂಡು ಬಿತ್ತು.

“ಯಾವಾಗಿಂದ?” ಎಂದು ಮೆಲ್ಲಗೆ ಕೇಳಿದೆ. ತುಟಿ ಓದಿದ.

“ಆರು ತಿಂಗಳಾಯ್ತು. ಎಡಗಡೆ ಕಿವಿ ಪೂರ್ತಿ ಹೋಯ್ತು. ಬಲಗಡೆ ಹೋಗ್ತಾ ಇದೆ.”

“ಅಮ್ಮಂಗೆ?”

“ಹೇಳಿಲ್ಲ. ಅವಳ ಬೈಗುಳಕ್ಕೆ ಕಿವಿ ಬೇಡ, ಮುಖ ನೋಡಿದ್ರೆ ಸಾಕು,” ಎಂದು ನಗಲು ನೋಡಿದ. “ಆಫೀಸಲ್ಲಿ ಗೊತ್ತಾದ್ರೆ ಮನೇಗ್ ಕಳಿಸ್ತಾರೆ. ಈ ಕೆಲಸ ಬಿಟ್ರೆ ನನಗೇನು ಬರುತ್ತೆ?”

“ಮತ್ತೆ ಲಿಫ್ಟು? ಸದ್ದು ಕೇಳ್ದೆ ಹೆಂಗೆ ನೋಡ್ತೀಯ?”

“ಕೈ ಇಡ್ತೀನಿ. ನಡುಕದಲ್ಲೇ ಗೊತ್ತಾಗುತ್ತೆ. ಇಲ್ಲೀತನಕ ಒಂದೂ ತಪ್ಪಿಲ್ಲ.”

ಗಂಟೆ ಮೊಳಗಿತು ಎಂದವನ ಮಾತನ್ನು ನಂಬುವುದು ಹೇಗೆ? ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುಖವೇ ಹೇಳಿತೇನೋ, ಅಪ್ಪ ತಲೆ ತಗ್ಗಿಸಿದ.

“ನಾಳೆ ಹನ್ನೊಂದು ಮಹಡಿ ಕಟ್ಟಡದ್ದು ವರ್ಷದ ತಪಾಸಣೆ,” ಎಂದ. “ನನ್ ಜೊತೆ ಬರ್ತೀಯಾ?”

ಭಾನುವಾರ ಬೆಳಗ್ಗೆ ಹೋದೆವು. ಛಾವಣಿಯ ಮೇಲಿನ ಮೋಟಾರ್ ಕೋಣೆ ನಮ್ಮ ಬಚ್ಚಲಿಗಿಂತ ಚಿಕ್ಕದು. ಎಣ್ಣೆ, ಬಿಸಿ ಕಬ್ಬಿಣದ ವಾಸನೆ. ಉಕ್ಕಿನ ಹಗ್ಗಗಳು ದೊಡ್ಡ ಗಾಲಿಯ ಮೇಲೆ ಹಾದು ನೆಲದ ಕಂಡಿಯಲ್ಲಿ ಇಳಿದಿದ್ದವು. ಲಿಫ್ಟ್ ಓಡತೊಡಗಿದಾಗ ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಆನಿಸಿದ.

“ಏನ್ ಕೇಳ್ಸುತ್ತೆ?”

“ಗುಂಯ್ ಅಂತಿದೆ.”

“ಅದು ಸರಿ. ಆಮೇಲೆ?”

ಉಸಿರು ಬಿಗಿಹಿಡಿದು ಕೇಳಿದೆ. “ಮಧ್ಯ ಮಧ್ಯ ಒಂದು ಸಣ್ಣ ಟಿಕ್. ಪ್ರತಿ ಸುತ್ತಿಗೂ.”

ಅಪ್ಪ ಅದೇ ಜಾಗದಲ್ಲಿ ಅಂಗೈ ಇಟ್ಟ. ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ನಿಂತ. ಕೆಳಗಡೆ ಯಾವುದೋ ಮಹಡಿಯಲ್ಲಿ ಮಕ್ಕಳು ನಗುತ್ತಾ ಲಿಫ್ಟ್ ಹತ್ತಿದರು. ಕಂಡಿಯಿಂದ ಆ ನಗು ಮೇಲೇರಿ ಬಂತು, ನನಗೆ ಮಾತ್ರ.

“ನನ್ ಕೈಗೆ ಏನೂ ಸಿಗ್ತಿಲ್ಲ,” ಎಂದ. “ನಿಜವಾಗ್ಲೂ ಇದ್ಯಾ?”

ಇಲ್ಲ ಅಂದರೆ ಸಾಕಿತ್ತು. ತಪಾಸಣೆ ಸರಿ ಎಂದು ಸಹಿ ಹಾಕುತ್ತಿದ್ದ, ಇಬ್ಬರೂ ಮನೆಗೆ ಹೋಗುತ್ತಿದ್ದೆವು. ನಾಲಿಗೆ ತುದಿಗೆ ಬಂದಿತ್ತು ಕೂಡ.

“ಇದೆ ಅಪ್ಪಾ.”

ಒಳಗೆ ಮಕ್ಕಳಿದ್ದಾರೆಂದು ಹೇಳಿದೆ. ಅವರು ಇಳಿದರೆಂದು ನಾನು ಸನ್ನೆ ಮಾಡುವವರೆಗೆ ಕಾದು, ಅಪ್ಪ ಮೇನ್ ಸ್ವಿಚ್ ಎಳೆದ. ಗಾಲಿ ಮತ್ತೆ ತಿರುಗಲಿಲ್ಲ. ತಪಾಸಣೆಯ ಹಾಳೆಯನ್ನು ಮಡಚಿ, ಸಹಿಯಿಲ್ಲದೆ, ಜೇಬಿಗೆ ತುರುಕಿದ. ತನ್ನ ಫೋನಿನಲ್ಲಿ ಸೂಪರ್‌ವೈಸರ್ ನಂಬರು ಒತ್ತಿ ನನ್ನ ಕೈಗೆ ಕೊಟ್ಟ.

“ಬೇರಿಂಗ್ ಹೋಗಿದೆ, ಲಿಫ್ಟ್ ನಿಲ್ಲಿಸಿದೀನಿ ಅಂತ ಹೇಳು. ಆಮೇಲೆ ಇನ್ನೊಂದೂ ಹೇಳು,” ಎಂದು ಕಿವಿ ಮುಟ್ಟಿಕೊಂಡ.

“ಅದನ್ನ ನೀನೇ ಹೇಳಪ್ಪಾ.”

“ನಾನು ಹೇಳಬಹುದು ಕಣೇ. ಅವರು ಏನಂತಾರೆ ಅಂತ ನನಗೆ ಯಾರು ಹೇಳ್ತಾರೆ?”

ಅತ್ತ ಕಡೆಯಿಂದ ಹಲೋ ಎಂಬ ದನಿ ಬಂತು. ನಾನು ಅಪ್ಪನ ಎದುರಿಗೆ, ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ತಿರುಗಿ ನಿಂತೆ. ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳತೊಡಗಿದೆ.